ಜಾನುವಾರುಗಳಲ್ಲಿ ಉಣ್ಣಿ ನಿರೋಧಶಕ್ತಿ

ಹಾಲು ತುಂಬಿದ ಕೆಚ್ಚಲಿಗೇ ಅಂಟಿಕೊಂಡಿದ್ದರೂ ಉಣ್ಣಿಗೆ ಹಾಲಿನ ಸವಿ ತಿಳಿಯದು, ಅದಕ್ಕೆ ರಕ್ತವೇ ಆಹಾರ ಎಂಬ ಹೋಲಿಕೆ ಕನ್ನಡ ನಾಡಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಸಜ್ಜನರ ಸಂಗದಲ್ಲಿದ್ದೂ ಅದರ ಸಾರವನ್ನು ಪಡೆಯಲಾರದವರನ್ನು ಕುರಿತು ಹಿರಿಯರು ಈ ಮಾತನ್ನು ಆಡುತ್ತಾರೆ. ಹೋಲಿಕೆ ಸೊಗಸಾದುದೇ. ಆದರೆ ಅದರಲ್ಲಿ ಹಸುವಿನ ಪಾತ್ರ ಏನೂ ಇಲ್ಲ. ಉಣ್ಣಿ ಹೀರುತ್ತದೆ, ಹಸು ಸುಮ್ಮನೆ ನಿಂತು ಸಹಿಸುತ್ತದೆ. ನಿಜಸ್ಥಿತಿ ಹೀಗಿಲ್ಲ. ಉಣ್ಣಿಯ ಕಡಿತವನ್ನು ಹಸುವಿನ ದೇಹ ಗುರುತಿಸುತ್ತದೆ, ನೆನಪಿನಲ್ಲಿಡುತ್ತದೆ, ಮುಂದಿನ ಸಲ ಕಚ್ಚಲು ಬಂದ ಉಣ್ಣಿಯನ್ನು ತನ್ನ ಚರ್ಮದ ಮಟ್ಟದಲ್ಲಿಯೇ ತಡೆಯಲು ಯತ್ನಿಸುತ್ತದೆ. ಈ ಶಕ್ತಿ ಎಲ್ಲ ದನಗಳಿಗೂ ಸಮನಾಗಿ ದೊರೆತಿಲ್ಲ ಎಂಬುದೇ ಪಶುಪಾಲಕರ ಪಾಲಿಗೆ ಮುಖ್ಯವಾದ ಸಂಗತಿ.

ಒಂದೇ ಕೊಟ್ಟಿಗೆಯಲ್ಲಿ ಕಟ್ಟಿದ, ಒಂದೇ ಗೋಮಾಳದಲ್ಲಿ ಮೇಯುವ ಎರಡು ದನಗಳನ್ನು ಗಮನಿಸಿದರೆ ಈ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ. ಒಂದರ ಕಿವಿಯೊಳಗೆ, ಗಂಗೆದೊಗಲಿನಲ್ಲಿ, ಬಾಲದ ಬುಡದಲ್ಲಿ, ಕೆಚ್ಚಲಿನ ಸಂದಿನಲ್ಲಿ ಉಣ್ಣಿಗಳು ಔಡಲಬೀಜಗಳಂತೆ ಉಬ್ಬಿ ತೂಗುತ್ತಿರುತ್ತವೆ. ಪಕ್ಕದ ದನದ ಮೈಮೇಲೆ ಹುಡುಕಿದರೆ ನಾಲ್ಕಾರು ಸಿಗುತ್ತವೆ, ಅವೂ ಬಡಕಲು. ಎರಡೂ ಅದೇ ಹುಲ್ಲಿನಲ್ಲಿ ನಡೆದಾಡಿವೆ. ಎರಡರ ಮೈಗೂ ಅದೇ ಮರಿ ಉಣ್ಣಿಗಳು ಹತ್ತಿವೆ. ಹಾಗಾದರೆ ಹತ್ತಿದವು ಏನಾದವು?

ಇದಕ್ಕೆ ಉತ್ತರ ತಿಳಿಯಬೇಕಾದರೆ ಉಣ್ಣಿಯ ಜೀವನಕ್ರಮವನ್ನು ಸ್ವಲ್ಪ ಅರಿಯಬೇಕು. ಕೆಲವು ಕಡೆ ಉಣುಗು ಎಂದು ಕರೆಯಲ್ಪಡುವ ಈ ಜೀವಿ ಕೀಟವಲ್ಲ. ಜೇಡ, ಚೇಳುಗಳ ವರ್ಗಕ್ಕೆ ಸೇರಿದುದು. ಅದರಲ್ಲಿ ಅನೇಕ ಜಾತಿಗಳಿವೆ. ಉಷ್ಣ ದೇಶಗಳ ದನಗಳಿಗೆ ಅತ್ಯಂತ ಹೆಚ್ಚು ಹಾನಿ ಮಾಡುವುದು ರಿಪಿಸೆಫಾಲಸ್ ಮೈಕ್ರೊಪ್ಲಸ್ ಎಂಬುದು. ಹಳೆಯ ಗ್ರಂಥಗಳಲ್ಲಿ ಇದಕ್ಕೆ ಬೂಫಿಲಸ್ ಎಂಬ ಹೆಸರಿದೆ. ಮೊಟ್ಟೆಯೊಡೆದು ಬಂದ ಆರು ಕಾಲಿನ ಮರಿಗಳು ಹುಲ್ಲಿನ ತುದಿಗೇರಿ ಗುಂಪಾಗಿ ಕಾದಿರುತ್ತವೆ. ದನ ಹಾದುಹೋಗುವಾಗ ಅದರ ಮೈಗೆ ಹತ್ತಿಕೊಂಡು, ಎರಡು ಬಾರಿ ಪೊರೆ ಕಳಚಿ, ಎಂಟು ಕಾಲಿನ ಪ್ರೌಢಾವಸ್ಥೆಗೆ ಬರುವವರೆಗೂ ಅದೇ ದನದ ಮೇಲೆಯೇ ಇರುತ್ತವೆ. ಇದಕ್ಕೆ ಹೆಚ್ಚುಕಡಿಮೆ ಮೂರು ವಾರ ಹಿಡಿಯುತ್ತದೆ. ಹೆಣ್ಣು ಉಣ್ಣಿ ಕೊನೆಯ ಒಂದು ದಿನದಲ್ಲಿ ಅತಿಯಾಗಿ ರಕ್ತ ಹೀರಿ, ತನ್ನ ಮೊದಲಿನ ತೂಕಕ್ಕಿಂತ ನೂರು ಪಟ್ಟಿಗೂ ಮಿಕ್ಕಿ ಉಬ್ಬಿ, ನೆಲಕ್ಕೆ ಉದುರಿ, ಎರಡರಿಂದ ಮೂರು ಸಾವಿರ ಮೊಟ್ಟೆಗಳನ್ನಿಟ್ಟು ಸಾಯುತ್ತದೆ. ಸೊಳ್ಳೆ ಕಚ್ಚಿ ಹಾರಿಹೋಗುತ್ತದೆ. ಉಣ್ಣಿಯಾದರೋ ಬಿಡಾರ ಹೂಡುತ್ತದೆ. ಮೂರು ವಾರ ಒಂದೇ ಮೈಯಲ್ಲಿ ಬಿಡಾರ ಹೂಡಿದ ಅತಿಥಿಯನ್ನು ಆ ಮೈ ಗುರುತಿಸದೆ ಇರುವುದು ಕಷ್ಟ.

ಗುರುತು ಸಿಗುವುದು ಜೊಲ್ಲಿನಿಂದ. ಉಣ್ಣಿ ತನ್ನ ಗರಗಸದಂತಹ ಬಾಯಿಯ ಭಾಗಗಳಿಂದ ಚರ್ಮವನ್ನು ಸೀಳಿ, ಅಂಟಿನಂತಹ ದ್ರವವನ್ನು ಸುರಿಸಿ, ತನ್ನ ಬಾಯನ್ನು ಅಲ್ಲಿ ಗಾರೆಗೆಲಸದಂತೆ ಭದ್ರಪಡಿಸಿಕೊಳ್ಳುತ್ತದೆ. ಅನಂತರ ಜೊಲ್ಲು ಸುರಿಸುವುದು, ರಕ್ತ ಹೀರುವುದು ಸರದಿಯಂತೆ ನಡೆಯುತ್ತದೆ. ಹೀರಿದ ರಕ್ತದಲ್ಲಿಯ ಹೆಚ್ಚಿನ ನೀರನ್ನೂ ಅದು ಜೊಲ್ಲಿನ ಮೂಲಕವೇ ಮರಳಿ ದನದ ಮೈಗೆ ಹೊರಳಿಸುತ್ತದೆ. ಈ ಜೊಲ್ಲು ಸಾಮಾನ್ಯ ದ್ರವವಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡುವ, ರಕ್ತನಾಳಗಳನ್ನು ಹಿಗ್ಗಿಸುವ, ನೋವು ಕೆರೆತಗಳನ್ನು ಅಡಗಿಸುವ, ಬಿಳಿಯ ರಕ್ತಕಣಗಳನ್ನು ಕರೆಯುವ ಸಂದೇಶಗಳನ್ನೇ ತಡೆದು ನಿಲ್ಲಿಸುವ ನೂರಾರು ಬಗೆಯ ಪ್ರೋಟೀನುಗಳೂ ಇತರ ವಸ್ತುಗಳೂ ಅದರಲ್ಲಿವೆ. ಕಳ್ಳನು ಮನೆಗೆ ನುಗ್ಗುವ ಮೊದಲು ನಾಯಿಗೆ ತುತ್ತು ಹಾಕುವಂತೆ ಉಣ್ಣಿಯೂ ದೇಹದ ಕಾವಲುಗಾರರನ್ನು ಜೊಲ್ಲಿನಿಂದ ಸುಮ್ಮನಾಗಿಸುತ್ತದೆ. ಎಂದೂ ಉಣ್ಣಿ ಕಾಣದ ಕರುವಿನ ಮೇಲೆ ಈ ಉಪಾಯ ಸುಸೂತ್ರವಾಗಿ ಫಲಿಸುತ್ತದೆ. ಆದರೆ ಆ ತುತ್ತೇ ಮುಂದೆ ಕಳ್ಳನ ಗುರುತೂ ಆಗುತ್ತದೆ.

ಚರ್ಮದಲ್ಲಿರುವ ಒಂದು ಬಗೆಯ ಕವಲೊಡೆದ ಜೀವಕೋಶಗಳು ಈ ಪರಕೀಯ ಪ್ರೋಟೀನುಗಳ ಚೂರುಗಳನ್ನು ಹೊತ್ತು ಹತ್ತಿರದ ದುಗ್ಧಗ್ರಂಥಿಗಳಿಗೆ ಒಯ್ಯುತ್ತವೆ. ಅಲ್ಲಿ ಲಿಂಫೋಸೈಟ್ ಎಂಬ ಬಿಳಿಯ ರಕ್ತಕಣಗಳು ಅವನ್ನು ಪರೀಕ್ಷಿಸಿ, ಆಯಾ ಪ್ರೋಟೀನಿಗೆ ತಕ್ಕ ಕಣಗಳು ಸಂಖ್ಯೆಯಲ್ಲಿ ಬೆಳೆಯುತ್ತವೆ. ಕೆಲವು ಪ್ರತಿಕಾಯಗಳನ್ನು ತಯಾರಿಸುತ್ತವೆ, ಕೆಲವು ನೆನಪಿನ ಕಣಗಳಾಗಿ ವರ್ಷಗಟ್ಟಲೆ ಉಳಿಯುತ್ತವೆ. ಪ್ರತಿಕಾಯಗಳಲ್ಲಿ ಒಂದು ಬಗೆಯವು ಚರ್ಮದೊಳಗಿನ ಮಾಸ್ಟ್ ಕೋಶಗಳ ಮೈಗೆ ಅಂಟಿಕೊಂಡು ಕಾಯುತ್ತವೆ. ಮಾಸ್ಟ್ ಕೋಶವೆಂದರೆ ಹಿಸ್ಟಮೀನ್ ಮೊದಲಾದ ತೀಕ್ಷ್ಣ ದ್ರವ್ಯಗಳನ್ನು ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿಟ್ಟುಕೊಂಡ ಮದ್ದಿನ ಕೋಣೆ. ಎರಡನೆಯ ಅಥವಾ ಮೂರನೆಯ ಬಾರಿ ಮರಿ ಉಣ್ಣಿಗಳು ಹತ್ತಿ ಜೊಲ್ಲು ಬಿಟ್ಟೊಡನೆ ಆ ಜೊಲ್ಲು ಕಾದಿದ್ದ ಪ್ರತಿಕಾಯಗಳಿಗೆ ತಗುಲಿ, ಕೆಲವೇ ನಿಮಿಷಗಳಲ್ಲಿ ಮದ್ದಿನ ಕೋಣೆಗಳು ಸಿಡಿಯುತ್ತವೆ. ಹಿಸ್ಟಮೀನ್ ಹರಡಿ ಆ ಜಾಗ ಕೆಂಪಾಗಿ ಉಬ್ಬುತ್ತದೆ, ತೀವ್ರವಾಗಿ ಕೆರೆಯುತ್ತದೆ. ಅದರ ಹಿಂದೆಯೇ ಇಯೊಸಿನೊಫಿಲ್, ಬೇಸೊಫಿಲ್ ಎಂಬ ರಕ್ತಕಣಗಳು ಗುಂಪಾಗಿ ಬಂದು ಕಚ್ಚಿದ ಸ್ಥಳವನ್ನು ಮುತ್ತುತ್ತವೆ.

ಇದನ್ನು ಮೊದಲು ಪ್ರಯೋಗಶಾಲೆಯಲ್ಲಿ ಸ್ಪಷ್ಟವಾಗಿ ತೋರಿಸಿದವರು ಅಮೆರಿಕೆಯ ವಿಲಿಯಂ ಟ್ರಾಗರ್. ಅವರು 1939ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಗಿನಿಪಿಗ್ಗುಗಳ ಮೇಲೆ ನಾಯಿಯುಣ್ಣಿಯ ಮರಿಗಳನ್ನು ಒಂದು ಬಾರಿ ಬಿಟ್ಟು, ಅನಂತರ ಮತ್ತೊಂದು ತಂಡವನ್ನು ಬಿಟ್ಟಾಗ ಎರಡನೆಯ ತಂಡದಲ್ಲಿ ಹೊಟ್ಟೆ ತುಂಬಿಸಿಕೊಂಡು ಉದುರಿದವು ಬಹಳ ಕಡಿಮೆ. ಅವುಗಳ ತೂಕವೂ ಕಡಿಮೆ. 1973ರಲ್ಲಿ ಜೆ. ಆರ್. ಅಲೆನ್ ಅದೇ ಪ್ರಾಣಿಯಲ್ಲಿ, ಎರಡನೆಯ ಕಡಿತದ ಸ್ಥಳದಲ್ಲಿ ಬೇಸೊಫಿಲ್ ಕಣಗಳು ರಾಶಿಯಾಗಿ ಸೇರುವುದನ್ನು ವಿವರಿಸಿದರು. ದನಗಳ ವಿಷಯದಲ್ಲಿಯಾದರೋ ಇದಕ್ಕೂ ಬಹಳ ಮುಂಚೆಯೇ, 1918ರಲ್ಲಿ, ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ಪ್ರಾಂತದಲ್ಲಿ ಜಾನ್‌ಸ್ಟನ್ ಮತ್ತು ಬ್ಯಾಂಕ್ರಾಫ್ಟ್ ಎಂಬಿಬ್ಬರು ಉಣ್ಣಿಯನ್ನು ತಡೆಯಬಲ್ಲ ದನಗಳ ಬಗ್ಗೆ ಬರೆದಿದ್ದರು. ರೈತರ ಕಣ್ಣಿಗೆ ಬಿದ್ದ ಸಂಗತಿ ಪ್ರಯೋಗಶಾಲೆಗೆ ತಲುಪಲು ಹೀಗೆ ಎರಡು ದಶಕ ಬೇಕಾಯಿತು.

ಹಿಸ್ಟಮೀನು ಉಣ್ಣಿಗೆ ಹೇಗೆ ಕಂಟಕವಾಗುತ್ತದೆ ಎಂಬುದು ಸ್ವಾರಸ್ಯಕರವಾಗಿದೆ. 1980ರಲ್ಲಿ ಕೆಂಪ್ ಮತ್ತು ಬೌರ್ನ್ ಎಂಬ ಆಸ್ಟ್ರೇಲಿಯದ ವಿಜ್ಞಾನಿಗಳು ಮರಿ ಉಣ್ಣಿಗಳು ಕಚ್ಚಿದ ಜಾಗಕ್ಕೆ ಹಿಸ್ಟಮೀನನ್ನು ಚುಚ್ಚಿದಾಗ ಅವು ಬಾಯಿ ಬಿಡಿಸಿಕೊಂಡು ಅಲ್ಲಿಂದ ಕದಲಿದವು. ಹೀಗೆ ಕದಲಿದ ಮರಿ ಹೊಸ ಜಾಗ ಹುಡುಕುತ್ತಾ ಅಲೆಯುತ್ತದೆ. ಅಲ್ಲಿಯೂ ಅದೇ ಸ್ವಾಗತ. ಅಲೆಯುವ ಪ್ರತಿ ಗಳಿಗೆಯೂ ಅದಕ್ಕೆ ಅಪಾಯದ ಗಳಿಗೆ. ಕೆರೆತ ತಾಳಲಾರದ ದನ ಕೊರಳು ತಿರುಗಿಸಿ ಅರದಂತಹ ತನ್ನ ನಾಲಿಗೆಯಿಂದ ಆ ಜಾಗವನ್ನು ನೆಕ್ಕುತ್ತದೆ, ಕಂಬಕ್ಕೆ ಮೈ ಉಜ್ಜುತ್ತದೆ. ದನಗಳು ಮೈ ನೆಕ್ಕಿಕೊಳ್ಳದಂತೆ ತಡೆಗಟ್ಟಿದರೆ ಅವುಗಳ ಮೇಲೆ ಬಲಿಯುವ ಉಣ್ಣಿಗಳ ಸಂಖ್ಯೆ ಏರುತ್ತದೆಂದು 1969ರಲ್ಲಿಯೇ ಬೆನೆಟ್ ಎಂಬವರು ತೋರಿಸಿದ್ದಾರೆ. ಆದುದರಿಂದ ನಿರೋಧಶಕ್ತಿಯೆಂಬುದು ರಕ್ತದೊಳಗಿನ ವ್ಯಾಪಾರ ಮಾತ್ರವಲ್ಲ. ಚರ್ಮ ಎಚ್ಚರಿಸುತ್ತದೆ, ನಾಲಿಗೆ ಕೆಲಸ ಮುಗಿಸುತ್ತದೆ. ಕೊರಳ ಹಗ್ಗವನ್ನು ಗಿಡ್ಡವಾಗಿ ಬಿಗಿದು ಹಗಲಿರುಳು ಗೊಂತಿಗೆ ಕಟ್ಟಿದ ಹಸು ಈ ಅರ್ಧ ಆಯುಧವನ್ನು ಕಳೆದುಕೊಂಡಿರುತ್ತದೆ ಎಂಬುದನ್ನು ಇಲ್ಲಿ ನೆನೆಯಬಹುದು. ಹತ್ತಿದ ಮರಿಗಳಲ್ಲಿ ಬಹುಪಾಲು ನಾಶವಾಗುವುದು ಮೊದಲ ಒಂದು ದಿನದಲ್ಲಿಯೇ. ಮೇಲೆ ಕೇಳಿದ ಪ್ರಶ್ನೆಗೆ ಉತ್ತರ ಇದು: ಹತ್ತಿದವು ಬಲಿಯುವ ಮೊದಲೇ ಹೋದವು.

ಎಲ್ಲ ದನಗಳೂ ಈ ಪಾಠವನ್ನು ಕಲಿಯುತ್ತವೆ. ಆದರೆ ಕಲಿಕೆಯ ಮಟ್ಟ ಬೇರೆ ಬೇರೆ. ಇದು ದೊಡ್ಡ ಪ್ರಮಾಣದಲ್ಲಿ ಬೆಳಕಿಗೆ ಬಂದುದು ಆಸ್ಟ್ರೇಲಿಯದಲ್ಲಿ. ಅಲ್ಲಿ ಮೊದಲು ಈ ಉಣ್ಣಿ ಇರಲಿಲ್ಲ. 1872ರಲ್ಲಿ ಜಾವಾ ದ್ವೀಪದಿಂದ ಡಾರ್ವಿನ್ ಬಂದರಿಗೆ ತಂದ ದನಗಳ ಮೈಮೇಲೆ ಅದು ಬಂದಿತೆಂದು ಹೇಳುತ್ತಾರೆ. (ಆಸ್ಟ್ರೇಲಿಯದ ಈ ಉಣ್ಣಿಯನ್ನು 2012ರಿಂದೀಚೆಗೆ ರಿಪಿಸೆಫಾಲಸ್ ಆಸ್ಟ್ರಾಲಿಸ್ ಎಂದು ಬೇರೆ ಜಾತಿಯಾಗಿ ಎಣಿಸುತ್ತಾರೆ, ಸ್ವಭಾವದಲ್ಲಿ ಹೆಚ್ಚು ಭೇದವಿಲ್ಲ.) ಇಂಗ್ಲೆಂಡಿನಿಂದ ಒಯ್ದಿದ್ದ ಷಾರ್ಟ್‌ಹಾರ್ನ್, ಹೆರ್‌ಫರ್ಡ್ ತಳಿಗಳು ಈ ಶತ್ರುವನ್ನು ಎಂದೂ ಕಂಡವಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಉಣ್ಣಿಯೂ ಅದು ಹರಡುವ ಜ್ವರವೂ ಕ್ವೀನ್ಸ್‌ಲ್ಯಾಂಡನ್ನು ವ್ಯಾಪಿಸಿ ಅಪಾರ ದನಗಳು ಸತ್ತವು. ಸೋಮಲದ ನೀರಿನ ತೊಟ್ಟಿಗಳಲ್ಲಿ ದನಗಳನ್ನು ಮುಳುಗಿಸಿ ತೆಗೆಯುವುದೇ ಉಪಾಯವಾಯಿತು. 1930ರ ದಶಕದಲ್ಲಿ ಸೋಮಲಕ್ಕೂ ಜಗ್ಗದ ಉಣ್ಣಿಗಳು ಕಾಣಿಸಿಕೊಂಡವು.

ಅದೇ ದಶಕದಲ್ಲಿ, 1933ರಲ್ಲಿ, ಅಲ್ಲಿಯ ಸರ್ಕಾರಿ ವಿಜ್ಞಾನ ಸಂಸ್ಥೆ ಕೆಲವು ದನಗಾರರ ಸಹಕಾರದಿಂದ ಅಮೆರಿಕೆಯ ಟೆಕ್ಸಾಸಿನಿಂದ ಬ್ರಾಹ್ಮನ್ ಎಂಬ ಹೆಸರಿನ ದನಗಳನ್ನು ತರಿಸಿತು. ಹೆಸರು ಅಮೆರಿಕದ್ದಾದರೂ ರಕ್ತ ಭಾರತದ್ದು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಿಂದ 1926ರವರೆಗೆ ಅಮೆರಿಕೆಗೆ ಹೋದ, ಮುನ್ನೂರಕ್ಕಿಂತ ಕಡಿಮೆ ಸಂಖ್ಯೆಯ ಹಿಣಿಲುಳ್ಳ ದನಗಳಿಂದ ಆ ತಳಿ ರೂಪುಗೊಂಡಿತು. ಅವುಗಳಲ್ಲಿ ಗಿರ್, ಕಾಂಕ್ರೇಜ್, ಒಂಗೋಲ್ ತಳಿಗಳ ಜೊತೆಗೆ ಕೃಷ್ಣಾ ಕಣಿವೆಯ ತಳಿಯೂ ಸೇರಿತ್ತು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯ ಎರೆ ಹೊಲಗಳಲ್ಲಿ ಭಾರವಾದ ನೇಗಿಲು ಎಳೆಯಲೆಂದು ಬೆಳೆಸಿದ ಈ ತಳಿ ಇಂದು ತನ್ನ ತವರಿನಲ್ಲಿಯೇ ವಿರಳವಾಗಿದೆ. ಅದರ ರಕ್ತದ ಅಂಶ ಮಾತ್ರ ಸಾಗರದಾಚೆ ಲಕ್ಷಾಂತರ ದನಗಳಲ್ಲಿ ಬೆರೆತಿದೆ. ಇದು ಹೆಮ್ಮೆಯ ವಿಷಯವೋ ನಾಚಿಕೆಯ ವಿಷಯವೋ ವಾಚಕರೇ ನಿರ್ಣಯಿಸಬಹುದು.

ಆಸ್ಟ್ರೇಲಿಯದಲ್ಲಿ ನಡೆದ ಅಳತೆಗಳು ಹೀಗಿವೆ. ಮೈಗೆ ಹತ್ತಿದ ನೂರು ಹೆಣ್ಣು ಮರಿಗಳಲ್ಲಿ ಬ್ರಾಹ್ಮನ್ ದನದ ಮೇಲೆ ಪೂರ್ಣವಾಗಿ ಬಲಿತು ಉದುರುವುವು ಸಾಮಾನ್ಯವಾಗಿ ಒಂದೆರಡು ಮಾತ್ರ. ಐರೋಪ್ಯ ತಳಿಗಳ ಮೇಲೆ ಹತ್ತಕ್ಕೂ ಹೆಚ್ಚು. ಈ ವ್ಯತ್ಯಾಸ ಅಲ್ಪವೆಂದು ತೋರಬಹುದು. ಆದರೆ ಪ್ರತಿಯೊಂದು ಹೆಣ್ಣಿಗೆ 2,500 ಮೊಟ್ಟೆಯಂತೆ ಲೆಕ್ಕ ಹಾಕಿದರೆ, ಎರಡು ಉದುರಿದಲ್ಲಿ ಗೋಮಾಳಕ್ಕೆ ಬೀಳುವ ಮೊಟ್ಟೆ 5,000. ಹನ್ನೆರಡು ಉದುರಿದಲ್ಲಿ 30,000. ಮುಂದಿನ ಪೀಳಿಗೆಯಲ್ಲಿ ಈ ಅಂತರ ಮತ್ತೆ ಗುಣಿಸಲ್ಪಡುತ್ತದೆ. ನಿರೋಧಶಕ್ತಿಯುಳ್ಳ ಹಸು ತನ್ನನ್ನು ಮಾತ್ರವಲ್ಲ, ತನ್ನ ಜೊತೆ ಮೇಯುವ ಇಡೀ ಮಂದೆಯನ್ನು ಕಾಯುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆಗೆ ಎಡೆಯಿದೆ. ದೇಶೀ ದನಗಳಿಗೆ ಈ ಶಕ್ತಿ ಹುಟ್ಟಿನಿಂದಲೇ ಪೂರ್ಣವಾಗಿ ಬಂದಿರುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಹಾಗಲ್ಲ. ಎಂದೂ ಉಣ್ಣಿ ಕಾಣದ ಬ್ರಾಹ್ಮನ್ ದನಕ್ಕೆ ಮೊದಲ ಬಾರಿ ಉಣ್ಣಿ ಹತ್ತಿಸಿದಾಗ ಅದರ ಮೇಲೂ ಉಣ್ಣಿಗಳು ಧಾರಾಳವಾಗಿ ಬಲಿಯುತ್ತವೆ. ಮತ್ತೆ ಮತ್ತೆ ಹತ್ತಿದ ಮೇಲೆ ಮಾತ್ರ ದಾರಿಗಳು ಬೇರೆಯಾಗುತ್ತವೆ: ಒಂದರ ಮೇಲೆ ಉಣ್ಣಿ ಬೇಗನೆ ಇಳಿಮುಖವಾಗುತ್ತದೆ, ಇನ್ನೊಂದರ ಮೇಲೆ ಸ್ವಲ್ಪ ಇಳಿದು ಅಲ್ಲಿಗೇ ನಿಲ್ಲುತ್ತದೆ. ಪಿತ್ರಾರ್ಜಿತವಾಗಿ ಬಂದುದು ಶಕ್ತಿಯಲ್ಲ, ಶಕ್ತಿಯನ್ನು ಗಳಿಸುವ ಯೋಗ್ಯತೆ. ಒಂದೇ ಮಂದೆಯ ದನದನಗಳ ನಡುವಣ ವ್ಯತ್ಯಾಸದಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಅನುವಂಶೀಯವೆಂದು ಅಂದಾಜು. ಉಳಿದುದು ಮೇವು, ವಯಸ್ಸು, ಋತು, ಆರೋಗ್ಯಗಳಿಗೆ ಸೇರಿದುದು. ಬರಗಾಲದಲ್ಲಿ ಮೇವಿಲ್ಲದೆ ಸೊರಗಿದ ದನ, ಗಬ್ಬದ ಕೊನೆಯ ದಿನಗಳಲ್ಲಿರುವ ಹಸು, ಹಾಲು ಕರೆಯುವ ಹಸು ಇವುಗಳ ನಿರೋಧ ತಗ್ಗುತ್ತದೆ. ಹೋರಿಗಿಂತ ಹಸುವಿನಲ್ಲಿ ಅದು ಸಾಮಾನ್ಯವಾಗಿ ಹೆಚ್ಚು.

ಮತ್ತೊಂದು ಕುತೂಹಲಕರ ಸಂಗತಿ ಈಚಿನ ಸಂಶೋಧನೆಗಳಿಂದ ತಿಳಿದುಬಂದಿದೆ. ಉಣ್ಣಿಗೆ ಸುಲಭವಾಗಿ ತುತ್ತಾಗುವ ಹೋಲ್‌ಸ್ಟೀನ್ ಹಸುಗಳ ರಕ್ತದಲ್ಲಿ ಉಣ್ಣಿಯ ವಿರುದ್ಧದ ಸಾಮಾನ್ಯ ಪ್ರತಿಕಾಯಗಳ ಪ್ರಮಾಣ ಬ್ರಾಹ್ಮನ್ ಹಸುಗಳಿಗಿಂತ ಹೆಚ್ಚಾಗಿಯೇ ಕಂಡುಬಂದಿದೆ. ಅಂದರೆ ಪ್ರತಿಕಾಯ ಹೆಚ್ಚಿದ್ದ ಮಾತ್ರಕ್ಕೆ ರಕ್ಷಣೆ ಹೆಚ್ಚಲಿಲ್ಲ. ಕಚ್ಚಿದ ಸ್ಥಳದಲ್ಲಿ, ಸರಿಯಾದ ಗಳಿಗೆಯಲ್ಲಿ, ಸರಿಯಾದ ಕಣಗಳು ಸೇರುವುದೇ ಮುಖ್ಯ. ಚರ್ಮದ ಸ್ವರೂಪವೂ ಲೆಕ್ಕಕ್ಕೆ ಬರುತ್ತದೆ: ಗಿಡ್ಡ, ನುಣುಪಾದ ಕೂದಲಿನ ದನಗಳಲ್ಲಿ ಉಣ್ಣಿ ಕಡಿಮೆ, ಒರಟು ದಟ್ಟ ಕೂದಲಿನವುಗಳಲ್ಲಿ ಹೆಚ್ಚು.

ಉಣ್ಣಿಯನ್ನು ತಡೆಯುವುದು ಬೇರೆ, ಉಣ್ಣಿ ತರುವ ರೋಗವನ್ನು ತಡೆಯುವುದು ಬೇರೆ. ಈ ಎರಡನ್ನೂ ಬೆರೆಸಬಾರದು. ಉಣ್ಣಿ ರೋಗವಾಹಕವೆಂಬುದನ್ನು 1893ರಲ್ಲಿ ಅಮೆರಿಕೆಯ ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ಸಾಧಿಸಿ ತೋರಿಸಿದರು. ಅವರು ವಿವರಿಸಿದ್ದು ಮೂತ್ರ ಕೆಂಪಾಗುವ ಬಬೀಸಿಯಾ ಜ್ವರವನ್ನು. ಎಳೆಗರುಗಳು ಈ ಜ್ವರವನ್ನು ಬಹುಮಟ್ಟಿಗೆ ತಾಳಿಕೊಂಡು ಮುಂದಕ್ಕೆ ರಕ್ಷಣೆ ಪಡೆಯುತ್ತವೆ. ಎಳವೆಯಲ್ಲಿ ಉಣ್ಣಿಯನ್ನೇ ಕಾಣದೆ ಬೆಳೆದ ದನಕ್ಕೆ ದೊಡ್ಡದಾದ ಮೇಲೆ ಅದು ತಗುಲಿದರೆ ಪ್ರಾಣಾಪಾಯ. ಭಾರತದಲ್ಲಿ ಹೈಯಲೊಮ್ಮ ಎಂಬ ಇನ್ನೊಂದು ಉಣ್ಣಿ ಥೈಲೇರಿಯಾ ರೋಗವನ್ನು ಹರಡುತ್ತದೆ. ಹೆಚ್ಚು ಹಾಲಿಗಾಗಿ ಹೋಲ್‌ಸ್ಟೀನ್, ಜರ್ಸಿ ಹೋರಿಗಳ ವೀರ್ಯದಿಂದ ಪಡೆದ ಮಿಶ್ರತಳಿಗಳು ಈ ರೋಗಕ್ಕೆ ನಾಟಿ ದನಗಳಿಗಿಂತ ಬಹಳ ಹೆಚ್ಚಾಗಿ ಬಲಿಯಾಗುತ್ತವೆ. ಅದಕ್ಕೆ ಲಸಿಕೆಯೂ ದೇಶದಲ್ಲಿ ತಯಾರಾಗುತ್ತದೆ. ಆ ಲಸಿಕೆ ರೋಗಾಣುವಿನ ವಿರುದ್ಧವೇ ಹೊರತು ಉಣ್ಣಿಯ ವಿರುದ್ಧವಲ್ಲ.

ಮಿಶ್ರತಳಿಯಿಂದ ಹಾಲು ಹೆಚ್ಚಿತು, ಅನೇಕ ಸಂಸಾರಗಳು ನಿಂತವು. ಇದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಪರದೇಶದ ರಕ್ತದ ಪಾಲು ಹೆಚ್ಚಿದಂತೆ ಉಣ್ಣಿ ನಿರೋಧ ತಗ್ಗುವುದೂ ಸತ್ಯ. ತಗ್ಗಿದ ನಿರೋಧವನ್ನು ಔಷಧದಿಂದ ತುಂಬಿಸುವ ಯತ್ನ ನಡೆದಿದೆ. ಡಿಡಿಟಿ, ಗಂಧಕ-ರಂಜಕ ಸಂಯುಕ್ತಗಳು, ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಅಮಿಟ್ರಾಜ್, ಐವರ್‌ಮೆಕ್ಟಿನ್ ಹೀಗೆ ಒಂದರ ಹಿಂದೆ ಒಂದು ವಿಷ ಬಂದಿತು. ಸೋಮಲಕ್ಕೆ ಆದ ಗತಿಯೇ ಇವುಗಳಿಗೂ ಆಗುತ್ತಿದೆ. ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್‌ಗಳಿಗೆ ಬಗ್ಗದ ಉಣ್ಣಿಗಳು ಭಾರತದ ಅನೇಕ ರಾಜ್ಯಗಳಲ್ಲಿ ವರದಿಯಾಗಿವೆ. ವಿಷದಲ್ಲಿ ಸತ್ತವು ದುರ್ಬಲ ಉಣ್ಣಿಗಳು; ಉಳಿದವುಗಳ ಸಂತತಿಯೇ ಗೋಮಾಳ ತುಂಬಿತು. ಹಾಲಿನಲ್ಲಿ ವಿಷದ ಅಂಶ ಸೇರುವ ಭಯ ಬೇರೆ.

ಇದರಿಂದಲೇ ಲಸಿಕೆಯ ಯೋಚನೆ ಹುಟ್ಟಿತು, ಅದರ ಜಾಣ್ಮೆ ಮೆಚ್ಚತಕ್ಕದ್ದು. ಜೊಲ್ಲಿನ ಪ್ರೋಟೀನುಗಳ ವಿರುದ್ಧ ದನ ತಾನಾಗಿಯೇ ಹೋರಾಡುತ್ತದೆ. ಉಣ್ಣಿಯೂ ಆ ಹೋರಾಟಕ್ಕೆ ಹೊಂದಿಕೊಂಡಿದೆ. ಆದರೆ ಉಣ್ಣಿಯ ಕರುಳಿನ ಒಳಮೈಯಲ್ಲಿರುವ ಪ್ರೋಟೀನುಗಳನ್ನು ದನದ ದೇಹ ಎಂದೂ ಕಾಣುವುದಿಲ್ಲ. ಅಂಥ ಒಂದು ಗುಪ್ತ ಪ್ರೋಟೀನನ್ನು ಆಸ್ಟ್ರೇಲಿಯದ ಪೀಟರ್ ವಿಲಾಡ್‌ಸನ್ ಮತ್ತು ಸಂಗಡಿಗರು ಬೇರ್ಪಡಿಸಿದರು; ಬಿಎಂ 86 ಎಂಬ ಈ ಪ್ರೋಟೀನಿನ ಜೀನಿನ ವಿವರ 1989ರಲ್ಲಿ ಪ್ರಕಟವಾಯಿತು. ಅದನ್ನು ದನಕ್ಕೆ ಚುಚ್ಚಿದರೆ ಅದರ ವಿರುದ್ಧ ಪ್ರತಿಕಾಯಗಳು ರಕ್ತದಲ್ಲಿ ತುಂಬುತ್ತವೆ. ಉಣ್ಣಿ ರಕ್ತವನ್ನು ಹೀರಿದಾಗ ಆ ಪ್ರತಿಕಾಯಗಳೂ ಅದರ ಹೊಟ್ಟೆ ಸೇರಿ ಕರುಳಿನ ಕೋಶಗಳನ್ನು ಹಾಳುಮಾಡುತ್ತವೆ. ಕೆಲವು ಉಣ್ಣಿ ಸಾಯುತ್ತವೆ. ಬದುಕಿದವು ಕಡಿಮೆ ಮೊಟ್ಟೆ ಇಡುತ್ತವೆ. ತಾನು ಹೀರಿದ ರಕ್ತವೇ ಉಣ್ಣಿಗೆ ಮುಳುವಾಗುವ ವ್ಯವಸ್ಥೆ ಇದು. 1990ರ ದಶಕದಲ್ಲಿ ಕ್ಯೂಬಾದಲ್ಲಿಯೂ ಆಸ್ಟ್ರೇಲಿಯದಲ್ಲಿಯೂ ಈ ಲಸಿಕೆ ಮಾರಾಟಕ್ಕೆ ಬಂದಿತು. ಆದರೆ ಉಣ್ಣಿ ಕಚ್ಚುವುದರಿಂದ ಈ ಗುಪ್ತ ಪ್ರೋಟೀನು ದೇಹಕ್ಕೆ ನೆನಪಾಗುವುದಿಲ್ಲವಾದುದರಿಂದ ಮತ್ತೆ ಮತ್ತೆ ಚುಚ್ಚಬೇಕು. ಪ್ರದೇಶದಿಂದ ಪ್ರದೇಶಕ್ಕೆ ಉಣ್ಣಿಗಳ ಸ್ವರೂಪ ಬೇರೆಯಾಗುವುದರಿಂದ ಫಲವೂ ಏಕಪ್ರಕಾರವಲ್ಲ. ಆಸ್ಟ್ರೇಲಿಯದ ಲಸಿಕೆಯ ಮಾರಾಟ ಅನಂತರ ನಿಂತುಹೋಯಿತು. ಭಾರತದಲ್ಲಿ ಇಜತ್‌ನಗರದ ಪಶುವೈದ್ಯ ಸಂಶೋಧನಾ ಸಂಸ್ಥೆ ಈ ದಿಕ್ಕಿನಲ್ಲಿ ಕೆಲಸ ಮಾಡಿದೆ.

ಲಸಿಕೆಗಾಗಿ ಕಾಯದೆಯೂ ಕೊಟ್ಟಿಗೆಯಲ್ಲಿ ಮಾಡಬಹುದಾದ ಕೆಲಸವೊಂದಿದೆ. ಅದಕ್ಕೆ ಬೇಕಾದುದು ಕಣ್ಣು ಮತ್ತು ತಾಳ್ಮೆ. ವಾರ್ಟನ್ ಮತ್ತು ಯುಟೆಕ್ ಎಂಬವರು 1970ರಲ್ಲಿ ಒಂದು ಎಣಿಕೆಯ ಕ್ರಮವನ್ನು ತಿಳಿಸಿದರು. ದನದ ಒಂದು ಮಗ್ಗುಲಿನಲ್ಲಿ 4.5ರಿಂದ 8 ಮಿಲಿಮೀಟರ್ ಉದ್ದವಿರುವ ಹೆಣ್ಣು ಉಣ್ಣಿಗಳನ್ನು ಮಾತ್ರ ಎಣಿಸಿ ಎರಡರಿಂದ ಗುಣಿಸಬೇಕು. ಮುಂದಿನ ಒಂದು ದಿನದಲ್ಲಿ ಹೊಟ್ಟೆ ತುಂಬಿ ಉದುರಲಿರುವವು ಇವೇ. ಅಂದರೆ ದನದ ಎಲ್ಲ ತಡೆಯನ್ನೂ ದಾಟಿ ಗೆದ್ದವು. ಎಣಿಸುವುದಕ್ಕೆ ಮೊದಲು ಕನಿಷ್ಠ ಮೂರು ವಾರ ಆ ದನಗಳಿಗೆ ಔಷಧ ಹಚ್ಚಿರಬಾರದು, ಎಲ್ಲವೂ ಒಂದೇ ಗೋಮಾಳದಲ್ಲಿ ಮೇದಿರಬೇಕು. ಉಣ್ಣಿಯ ಕಾಲದಲ್ಲಿ ಕೆಲವು ವಾರಗಳ ಅಂತರದಲ್ಲಿ ಮೂರು ನಾಲ್ಕು ಬಾರಿ ಹೀಗೆ ಎಣಿಸಿ ಬರೆದಿಟ್ಟರೆ ಮಂದೆಯ ಬಹುಪಾಲು ಉಣ್ಣಿಗಳನ್ನು ಹೊತ್ತಿರುವುದು ಅದೇ ಕೆಲವು ದನಗಳೆಂಬುದು ಕಾಣುತ್ತದೆ. ಔಷಧವನ್ನು ಅವುಗಳಿಗೆ ಮಾತ್ರ ಹಚ್ಚಿದರೂ ಗೋಮಾಳಕ್ಕೆ ಬೀಳುವ ಮೊಟ್ಟೆಗಳಲ್ಲಿ ದೊಡ್ಡ ಪಾಲು ತಗ್ಗುತ್ತದೆ. ಪಟ್ಟಿಯ ಇನ್ನೊಂದು ಕೊನೆಯಲ್ಲಿ ನಿಂತ ಹಸುವಿನ ಗಂಡುಗರುವನ್ನು ಬೀಜದ ಹೋರಿಯಾಗಿ ಉಳಿಸಿಕೊಳ್ಳಬಹುದು.